ದೊಡ್ಡ ಪ್ರಾಪ್‌ಗೆ ಬೋಲ್ಟ್ ತೂತು ಸರಿಯಾಗಿ ಕೊರೆಯುವುದು ಹೇಗೆ? ಎರಡು ಪ್ರಾಪ್ ಹಾಳಾದವು

ಕಬ್ಬಿನಗದ್ದೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಮೊದಲ ಸಲ ದೊಡ್ಡ ಮಾಡೆಲ್ ವಿಮಾನ ಕಟ್ಟುತ್ತಿದ್ದೇನೆ. 55 ಸಿಸಿ ಪೆಟ್ರೋಲ್ ಎಂಜಿನ್, 22×8 ಇಂಚಿನ ಮರದ ಪ್ರಾಪ್ (ಪ್ರೊಪೆಲ್ಲರ್). ಇಷ್ಟು ವರ್ಷ ಸಣ್ಣ ಗ್ಲೋ ಎಂಜಿನ್ ಹಾರಿಸಿದವನು ನಾನು. ಅದರಲ್ಲಿ ಶಾಫ್ಟ್‌ಗೆ ಪ್ರಾಪ್ ತೂರಿಸಿ ಒಂದು ನಟ್ ಬಿಗಿದರೆ ಮುಗಿಯಿತು. ಇದರಲ್ಲಿ ಎಂಜಿನ್ ಹಬ್‌ಗೆ, ಅಂದರೆ ಪ್ರಾಪ್ ಕೂರುವ ತಟ್ಟೆಗೆ, ನಾಲ್ಕು ಬೋಲ್ಟ್. ಪ್ರಾಪ್ ಬರುವಾಗ ನಡುವಿನ ತೂತು ಒಂದೇ ಇರುತ್ತದೆ, ಉಳಿದದ್ದನ್ನು ನಾವೇ ಕೊರೆದುಕೊಳ್ಳಬೇಕು.

ಮೊದಲನೆಯ ಪ್ರಾಪ್‌ಗೆ ಏನು ಮಾಡಿದೆ ಅಂದರೆ, ಎಂಜಿನ್ ಜೊತೆ ಬಂದ ಅಲ್ಯೂಮಿನಿಯಂ ವಾಷರ್ ಇದೆಯಲ್ಲ, ಮುಂದೆ ಕೂರುವುದು, ಅದನ್ನೇ ಪ್ರಾಪ್ ಮೇಲಿಟ್ಟು ಟೇಪ್ ಸುತ್ತಿ ಕೈ ಡ್ರಿಲ್‌ನಲ್ಲಿ ಕೊರೆದೆ. ಮೂರು ಬೋಲ್ಟ್ ಕೂತವು. ನಾಲ್ಕನೆಯದು ಕೂರಲೇ ಇಲ್ಲ. ದುಂಡು ಅರದಿಂದ ತೂತನ್ನು ಉಜ್ಜಿ ಹೇಗೋ ಕೂರಿಸಿದೆ. ಸ್ಟಾರ್ಟ್ ಮಾಡಿದರೆ ಇಡೀ ವಿಮಾನ ಗಡಗಡ ಅಂತ ನಡುಗಿತು, ಎರಡು ನಿಮಿಷದಲ್ಲಿ ಕೌಲಿಂಗ್‌ನ (ಎಂಜಿನ್ ಮುಚ್ಚುವ ಕವಚ) ಎರಡು ಸ್ಕ್ರೂ ಉದುರಿಹೋದವು. ಆಮೇಲೆ ಪ್ರಾಪ್ ತುದಿಯ ಪಕ್ಕ ಒಂದು ಸ್ಕೇಲ್ ನಿಲ್ಲಿಸಿ ಕೈಯಲ್ಲಿ ತಿರುಗಿಸಿ ನೋಡಿದೆ. ಒಂದು ತುದಿಗೂ ಇನ್ನೊಂದು ತುದಿಗೂ 3 ಮಿ.ಮೀ. ಹಿಂದೆ ಮುಂದೆ.

ಎರಡನೆಯದನ್ನು ಒಂದು ವರ್ಕ್‌ಶಾಪ್‌ಗೆ ಕೊಟ್ಟೆ. ಅವರು ಸ್ಕೇಲ್, ಪೆನ್ಸಿಲ್‌ನಲ್ಲಿ ಗುರುತು ಹಾಕಿ ದೊಡ್ಡ ಡ್ರಿಲ್ಲಿಂಗ್ ಮಷೀನ್‌ನಲ್ಲಿ ಕೊರೆದರು. ನಾಲ್ಕು ಬೋಲ್ಟೂ ಸಲೀಸಾಗಿ ಹೋದವು. ಆದರೆ ಮನೆಗೆ ತಂದು ವರ್ನಿಯರ್ ಇಟ್ಟರೆ ನಾಲ್ಕು ತೂತೂ ಒಟ್ಟಾಗಿ ನಡು ತೂತಿನಿಂದ ಅರ್ಧ ಮಿ.ಮೀ. ಪಕ್ಕಕ್ಕೆ ಹೋಗಿವೆ. ಬ್ಯಾಲೆನ್ಸರ್‌ನಲ್ಲಿ ಮಾತ್ರ ಪ್ರಾಪ್ ಸರಿಯಾಗಿ ನಿಲ್ಲುತ್ತದೆ. ಇದನ್ನು ಹಾಕಬಹುದಾ? ಅರ್ಧ ಮಿ.ಮೀ. ತಾನೇ? ಮೂರನೆಯ ಪ್ರಾಪ್ ತರಿಸಿದ್ದೇನೆ, ಅದನ್ನು ಮುಟ್ಟುವುದಕ್ಕೂ ಭಯ ಆಗುತ್ತಿದೆ.


ಪಾಂಡವಪುರ ಪೈಲಟ್

ಅಣ್ಣ, ಆ ಎರಡನೆಯದನ್ನು ಹಾಕಲೇಬೇಡಿ. ಇಲ್ಲಿ ಒಬ್ಬರು ಟೂಲ್‌ರೂಮ್‌ನಲ್ಲಿ ಕೆಲಸ ಮಾಡಿದವರು ಇದ್ದಾರೆ, ಅವರು ಬರಲಿ, ಅಲ್ಲಿಯವರೆಗೂ ಮೂರನೆಯದನ್ನು ಪೆಟ್ಟಿಗೆಯಲ್ಲೇ ಇಡಿ.


ಹಳೇ ಫಿಟ್ಟರ್ (ಹೆಬ್ಬಾಳ್, ಮೈಸೂರು)

ಕಬ್ಬಿನಗದ್ದೆಯವರೇ, ನಿಮ್ಮ ಎರಡು ಪ್ರಾಪ್‌ಗಳದ್ದು ಬೇರೆ ಬೇರೆ ತಪ್ಪು. ಎರಡನ್ನೂ ಒಂದೇ ಅಂದುಕೊಂಡರೆ ಮೂರನೆಯದೂ ಹೋಗುತ್ತದೆ. ಸಮಾಧಾನವಾಗಿ ಓದಿ.

ಎರಡನೆಯದರಿಂದ ಶುರು ಮಾಡುತ್ತೇನೆ, ಅದೇ ಹೆಚ್ಚು ಅಪಾಯ. ಬ್ಯಾಲೆನ್ಸರ್‌ನಲ್ಲಿ ಪ್ರಾಪ್ ಯಾವುದರ ಮೇಲೆ ನಿಂತಿರುತ್ತದೆ? ನಡು ತೂತಿನ ಮೇಲೆ. ಎಂಜಿನ್‌ನಲ್ಲಿ ಯಾವುದರ ಮೇಲೆ ನಿಂತಿದೆ? ನಿಮ್ಮ ಎಂಜಿನ್ ಹಬ್‌ನಲ್ಲಿ ನಡುವೆ ಮೂತಿ (ಪ್ರಾಪ್‌ನ ನಡು ತೂತಿಗೆ ಕೂರುವ ಉಬ್ಬು) ಇಲ್ಲದೆ ಬರೀ ನಾಲ್ಕು ಬೋಲ್ಟ್ ಇದ್ದರೆ, ಬೋಲ್ಟ್‌ಗಳ ಮೇಲೆ. ಎರಡೂ ಕೇಂದ್ರ ಒಂದೇ ಆಗದಿದ್ದರೆ ಬ್ಯಾಲೆನ್ಸ್ ಮಾಡಿಯೂ ಮಾಡದ ಹಾಗೆ. ಲೆಕ್ಕ ಹಾಕೋಣ. ಪ್ರಾಪ್ ತೂಕ 100 ಗ್ರಾಂ ಅಂತ ಇಟ್ಟುಕೊಳ್ಳಿ, ಅರ್ಧ ಮಿ.ಮೀ. ಪಕ್ಕಕ್ಕೆ, 7000 ಆರ್‌ಪಿಎಂ. ಹೊರಗೆ ಎಳೆಯುವ ಬಲ ಸುಮಾರು 27 ನ್ಯೂಟನ್ ಬರುತ್ತದೆ, ಅಂದರೆ ಹತ್ತಿರ ಹತ್ತಿರ 2.7 ಕೆಜಿ. ಆ 2.7 ಕೆಜಿ ಸೆಕೆಂಡಿಗೆ 116 ಸಲ ದಿಕ್ಕು ಬದಲಿಸಿಕೊಂಡು ಎಂಜಿನ್ನಿನ ಮುಂದಿನ ಬೇರಿಂಗನ್ನು ಎಳೆಯುತ್ತಿರುತ್ತದೆ. ಅರ್ಧ ಮಿ.ಮೀ. ತಾನೇ ಅಂತ ಕೇಳಿದಿರಲ್ಲ, ಅದಕ್ಕೆ ಈ ಲೆಕ್ಕ.

ಮೊದಲನೆಯ ಪ್ರಾಪ್‌ನದ್ದು ಓರೆ. ಆ ವಾಷರ್ ದಪ್ಪ ಎಷ್ಟಿದೆ? ಐದಾರು ಮಿ.ಮೀ. ಇರಬಹುದು. ಅಷ್ಟು ತೆಳ್ಳಗಿನ ತಟ್ಟೆ ಬಿಟ್ ಎಲ್ಲಿ ಇಳಿಯಬೇಕು ಅಂತ ಹೇಳುತ್ತದೆ, ಯಾವ ಕಡೆ ಹೋಗಬೇಕು ಅಂತ ಹೇಳುವುದಿಲ್ಲ. ಕೈ ಡ್ರಿಲ್ ಅರ್ಧ ಡಿಗ್ರಿ ವಾಲಿದರೂ 25 ಮಿ.ಮೀ. ದಪ್ಪದ ಪ್ರಾಪ್ ಹಬ್‌ನಲ್ಲಿ (ಪ್ರಾಪ್‌ನ ನಡುಭಾಗ) ಆಚೆ ಬದಿಗೆ ಹೋಗುವಷ್ಟರಲ್ಲಿ 0.2 ಮಿ.ಮೀ. ಜರುಗಿರುತ್ತದೆ. ಒಂದು ಡಿಗ್ರಿಗೆ 0.4. ನಾಲ್ಕು ತೂತೂ ನಾಲ್ಕು ದಿಕ್ಕಿಗೆ ಜರುಗಿದರೆ ನಾಲ್ಕನೆಯ ಬೋಲ್ಟ್ ಹೇಗೆ ಕೂರುತ್ತದೆ? ಜೊತೆಗೆ ವಾಷರ್ ಅಲ್ಯೂಮಿನಿಯಂ. ಬಿಟ್ ಅದನ್ನೂ ತಿನ್ನುತ್ತದೆ. ಈಗ ಅದರ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ, ಮೊಟ್ಟೆ ಆಕಾರಕ್ಕೆ ಬಂದಿರುತ್ತವೆ.

ಈಗ 3 ಮಿ.ಮೀ. ವಿಷಯ. ಇದು ಓರೆ ತೂತಿನಿಂದಲೇ ಆಗಿರಬೇಕು ಅಂತಿಲ್ಲ. ಪ್ರಾಪ್‌ನ ಹಿಂದಿನ ಮುಖ, ಅಂದರೆ ಎಂಜಿನ್ ಕಡೆ ಮುಖ, ಅದರ ಮೇಲೆ ತೂತಿನ ಬಾಯಿ ಸುತ್ತ ಬೆರಳು ಆಡಿಸಿ. ಮರದ ನಾರು ಎದ್ದು ಒಂದು ಸಣ್ಣ ಅಂಚು ಕೈಗೆ ಸಿಗುತ್ತದೆಯಾ ಹೇಳಿ.


ಕಬ್ಬಿನಗದ್ದೆ

ಸರ್, ಇದೆ. ಎರಡು ತೂತಿನ ಬಾಯಲ್ಲಿ ಇದೆ. ಉಗುರು ಆಡಿಸಿದರೆ ತಡೆಯುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ, ಬೆರಳಿಗೆ ಗೊತ್ತಾಗುತ್ತದೆ. ವಾಷರ್ ತೂತೂ ನೀವು ಹೇಳಿದ ಹಾಗೇ ಆಗಿದೆ.


ಹಳೇ ಫಿಟ್ಟರ್

ಅದೇ. ನಾನು ಅಪ್ರೆಂಟಿಸ್ ಆಗಿದ್ದಾಗ ನಮ್ಮ ಮೇಷ್ಟ್ರು ಮೊದಲು ಕಲಿಸಿದ್ದೇ ಇದು. ಯಾವ ಮುಖ ಕೂರುತ್ತದೋ ಆ ಮುಖದ ಮೇಲೆ ಬರ್, ಅಂದರೆ ಕೊರೆದಾಗ ಏಳುವ ಅಂಚು, ಇರಬಾರದು.

ಪ್ರಾಪ್ ಹಬ್ 40 ಮಿ.ಮೀ. ಅಗಲ ಅಂದುಕೊಳ್ಳಿ. ತೂತಿನ ಬಾಯಲ್ಲಿ 0.2 ಮಿ.ಮೀ. ಉಬ್ಬು ಇದೆ, ಅದೂ ಬ್ಲೇಡ್ ಇರುವ ದಿಕ್ಕಿಗೇ ಇದೆ ಅಂದುಕೊಳ್ಳಿ. ಪ್ರಾಪ್ ಆ ಉಬ್ಬಿನ ಮೇಲೆ ಒಂದು ಕಾಲು, ಎದುರು ಅಂಚಿನ ಮೇಲೆ ಇನ್ನೊಂದು ಕಾಲು ಇಟ್ಟು ನಿಲ್ಲುತ್ತದೆ. ಎರಡು ಕಾಲಿನ ನಡುವೆ ಮೂರು ಸೆಂಟಿಮೀಟರ್ ಚಿಲ್ಲರೆ. ಆದರೆ ತುದಿ ಇರುವುದು ಕೇಂದ್ರದಿಂದ 28 ಸೆಂಟಿಮೀಟರ್ ದೂರ. ಒಂದು ತುದಿ 1.7 ಮಿ.ಮೀ. ಮುಂದೆ, ಇನ್ನೊಂದು ಅಷ್ಟೇ ಹಿಂದೆ. ಕೂಡಿದರೆ ಮೂರೂವರೆ ಹತ್ತಿರ. ನಿಮ್ಮ 3 ಮಿ.ಮೀ. ಎಲ್ಲಿಂದ ಬಂತು ಅಂತ ತಿಳಿಯಿತಲ್ಲ.

ಹೊಸ ಬ್ಲೇಡ್ ಮಲಗಿಸಿ ಆ ಅಂಚನ್ನು ಸವರಿ ತೆಗೆಯಬೇಕು. ಮರಳು ಕಾಗದ ಹಿಡಿದು ಮುಖವನ್ನೇ ಉಜ್ಜಬೇಡಿ, ಸಮತಟ್ಟು ಕೆಡುತ್ತದೆ.


ಕುಸುರಿ ಮನೆ (ಮಂಡಿ ಮೊಹಲ್ಲಾ, ಮೈಸೂರು)

ನಾನು ವಿಮಾನ ಹಾರಿಸುವವಳಲ್ಲ, ನನ್ನ ತಮ್ಮ ಹಾರಿಸುತ್ತಾನೆ. ನಮ್ಮದು ಬೀಟೆ ಮರದ ಇನ್‌ಲೇ ಕೆಲಸ ಮಾಡುವ ಮನೆ. ಮರದ ಬಗ್ಗೆ ಮಾತ್ರ ಹೇಳುತ್ತೇನೆ.

ತಮ್ಮ ತಂದ ಪ್ರಾಪ್ ಬೀಚ್ ಮರದ್ದು, ತೆಳು ಪದರಗಳನ್ನು ಅಂಟಿಸಿ ಮಾಡಿದ್ದು. ಇಂಥ ಮರದಲ್ಲಿ ಬಿಟ್ ನೇರ ಇಳಿಯುವುದಿಲ್ಲ. ಗಟ್ಟಿ ನಾರು ಸಿಕ್ಕಿದ ಕಡೆ ಮೊನೆ ಜಾರಿ ಮೆತ್ತಗಿರುವ ಕಡೆಗೆ ವಾಲುತ್ತದೆ. ಅಂಟಿನ ಗೆರೆ ಹತ್ತಿರ ಇದು ಜಾಸ್ತಿ. ನಾವು ಎರಡು ಕೆಲಸ ಮಾಡುತ್ತೇವೆ. ಬಿಟ್ ಹೊಸದಾಗಿರಬೇಕು, ಕಬ್ಬಿಣ ಕೊರೆದು ಮೊಂಡಾದ ಬಿಟ್ಟನ್ನು ಮರಕ್ಕೆ ಮುಟ್ಟಿಸುವುದಿಲ್ಲ. ಮತ್ತೆ, ಒಂದೇ ಸಲ ಒತ್ತಿ ಇಳಿಸುವುದಿಲ್ಲ. ಐದಾರು ಮಿ.ಮೀ. ಇಳಿಸಿ ಮೇಲೆತ್ತಿ ಹೊಟ್ಟು ತೆಗೆದು ಮತ್ತೆ ಇಳಿಸುತ್ತೇವೆ. ಹೊಟ್ಟು ಒಳಗೇ ತುಂಬಿಕೊಂಡರೆ ಬಿಟ್ ಬಿಸಿಯಾಗಿ ಮರ ಸುಡುತ್ತದೆ, ತೂತು ದೊಡ್ಡದಾಗುತ್ತದೆ. ಸುಟ್ಟ ವಾಸನೆ ಬಂದರೆ ತಕ್ಷಣ ನಿಲ್ಲಿಸಿ.

ಆಚೆ ಬದಿ ಚಕ್ಕೆ ಏಳಬಾರದು ಅಂದರೆ ಕೆಳಗೆ ಒಂದು ಮರದ ತುಂಡು ಒತ್ತಿಕೊಂಡಿರಬೇಕು. ಹಲಗೆ ಸುಮ್ನೆ ಕೆಳಗಿದ್ದರೆ ಸಾಲದು, ಅಂಟಿಸಿದ ಹಾಗೆ ಒತ್ತಿಕೊಂಡಿರಬೇಕು. ಸಂದು ಇದ್ದರೆ ಚಕ್ಕೆ ಎದ್ದೇ ಏಳುತ್ತದೆ.


ಹಳೇ ಫಿಟ್ಟರ್

ಅಮ್ಮಾ, ತುಂಬಾ ಚೆನ್ನಾಗಿ ಹೇಳಿದಿರಿ. ಒಂದು ಸೇರಿಸುತ್ತೇನೆ. ಮರಕ್ಕೆ ಅಂತ ಮಧ್ಯೆ ಸೂಜಿಮೊನೆ ಇರುವ ಬಿಟ್ ಬರುತ್ತದೆ, ಜಿಗ್, ಅಂದರೆ ಬಿಟ್‌ಗೆ ದಾರಿ ತೋರಿಸುವ ತೂತಿರುವ ದಪ್ಪ ಬಿಲ್ಲೆ, ಇಲ್ಲದೆ ಕೊರೆಯುವಾಗ ಅದು ಒಳ್ಳೆಯದು. ಜಿಗ್ ಬುಶ್ (ಜಿಗ್ ತೂತಿನಲ್ಲಿ ಕೂರಿಸುವ ಉಕ್ಕಿನ ಕೊಳವೆ) ಒಳಗೆ ಕೊರೆಯುವಾಗ ಬೇಡ, ಅದರ ಹೊರಗಿನ ಹಲ್ಲು ಬುಶ್ಶನ್ನು ಗೀರುತ್ತದೆ. ಅಲ್ಲಿ ಸಾಧಾರಣ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ಟೇ ಸಾಕು, ಆದರೆ ಜಿಗ್, ಪ್ರಾಪ್ ಎರಡನ್ನೂ ದಾಟುವಷ್ಟೇ ಉದ್ದದ್ದು, ಅದಕ್ಕಿಂತ ಉದ್ದ ಬೇಡ.


ನೀಲಿ ಆಕಾಶ (ಇಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು)

ಸರ್, ನಮ್ಮ ಕಾಲೇಜಿನಲ್ಲಿ ತ್ರೀಡಿ ಪ್ರಿಂಟರ್ ಇದೆ. ಜಿಗ್ಗನ್ನು ಪ್ರಿಂಟ್ ಮಾಡಿ ಕೊಡಬಹುದು, ಒಂದು ರಾತ್ರಿಯ ಕೆಲಸ. ಪಿಸಿಡಿ, ಅಂದರೆ ಬೋಲ್ಟ್ ತೂತುಗಳ ನಡುಬಿಂದುಗಳ ಮೇಲೆ ಹಾಯುವ ವೃತ್ತದ ವ್ಯಾಸ, ಎಷ್ಟು ಅಂತ ಹೇಳಿದರೆ ಸಾಕು. ಇಂಟರ್ನೆಟ್‌ನಲ್ಲಿ ಯಾವ ಎಂಜಿನ್‌ಗೆ ಎಷ್ಟು ಅಂತ ಪಟ್ಟಿ ಕೂಡ ಇದೆ.


ಹಳೇ ಫಿಟ್ಟರ್

ಪಟ್ಟಿ ನಂಬಬೇಡಪ್ಪ. ಒಂದೇ ಸಿಸಿ ಇದ್ದರೂ ಕಂಪನಿಯಿಂದ ಕಂಪನಿಗೆ ಬೇರೆ. ನಿಮ್ಮ ಕೈಯಲ್ಲಿರುವ ಹಬ್ಬನ್ನೇ ಅಳೆಯಬೇಕು. ಸುಲಭ ಇದೆ. ಎದುರುಬದುರು ಎರಡು ತೂತಿಗೆ ಬೋಲ್ಟ್ ಹಾಕಿ ಕೈಯಲ್ಲೇ ನೇರ ನಿಲ್ಲಿಸಿ. ಥ್ರೆಡ್ ಇಲ್ಲದ ನಯವಾದ ಭಾಗದ ಮೇಲೆ ವರ್ನಿಯರ್ ಇಟ್ಟು ಹೊರಗಿನಿಂದ ಹೊರಗೆ ಅಳೆಯಿರಿ. ಅದರಲ್ಲಿ ಒಂದು ಬೋಲ್ಟ್ ದಪ್ಪ ಕಳೆದರೆ ಪಿಸಿಡಿ. ಇನ್ನೊಂದು ಸಲ ಒಳಗಿನಿಂದ ಒಳಗೆ ಅಳೆದು ಒಂದು ಬೋಲ್ಟ್ ದಪ್ಪ ಕೂಡಿಸಿ. ಎರಡೂ ಒಂದೇ ಬರಬೇಕು. ಬರದಿದ್ದರೆ ಬೋಲ್ಟ್ ವಾಲಿದೆ ಅಂತ ಅರ್ಥ, ಮತ್ತೆ ಅಳೆಯಿರಿ. ಇನ್ನೊಂದು ಜೊತೆ ತೂತಿಗೂ ಹೀಗೇ ಮಾಡಿ.

ಪ್ಲಾಸ್ಟಿಕ್ ಜಿಗ್ ಬಗ್ಗೆ: ಬರೀ ಪ್ಲಾಸ್ಟಿಕ್ ಆದರೆ ಮೊದಲ ತೂತಿಗೇ ಬಾಯಿ ಅಗಲ ಆಗುತ್ತದೆ, ಬಿಸಿಗೆ ಕರಗುತ್ತದೆ. ಒಳಗೆ ಉಕ್ಕಿನ ಬುಶ್ ಕೂರಿಸಿದರೆ ಪರವಾಗಿಲ್ಲ. ಆದರೆ ಬುಶ್ ಎಲ್ಲಿ ಕೂತಿದೆ ಅನ್ನುವುದು ಪ್ರಿಂಟರ್ ಎಷ್ಟು ಸರಿಯಾಗಿದೆ ಅನ್ನುವುದರ ಮೇಲೆ ಹೋಗುತ್ತದಲ್ಲ, ಅದಕ್ಕೆ ಪ್ರಿಂಟ್ ಆದ ಮೇಲೆ ಅಳೆದು ನೋಡಬೇಕು.


ಕಬ್ಬಿನಗದ್ದೆ

ಅಳೆದೆ ಸರ್. ಹೊರಗಿನಿಂದ 27.95, ಒಳಗಿನಿಂದ 18.05. ಬೋಲ್ಟ್ 4.95. ಹಾಗಾದರೆ ಪಿಸಿಡಿ 23.00. ಇನ್ನೊಂದು ಜೊತೆಯೂ ಅಷ್ಟೇ ಬಂತು. ಹಬ್ ನಡುವೆ ಮೂತಿ ಇಲ್ಲ, ಬರೀ ಬೋಲ್ಟ್‌ಗಳು.


ಹಳೇ ಫಿಟ್ಟರ್

ಒಳ್ಳೆಯದು. ಹಾಗಾದರೆ ನಿಮ್ಮ ಪ್ರಾಪ್‌ಗೆ ಬೋಲ್ಟ್ ತೂತೇ ಕೇಂದ್ರ. 5.0 ಬಿಟ್ಟಲ್ಲೇ ಕೊರೆಯಿರಿ, ಲೂಸ್ ಬಿಡಬೇಡಿ. ಮೂತಿ ಇರುವ ಹಬ್ ಆಗಿದ್ದರೆ ನಡು ತೂತು ಬಿಗಿಯಾಗಿ ಕೂತು, ಬೋಲ್ಟ್ ತೂತು 5.2 ಇದ್ದರೂ ನಡೆಯುತ್ತಿತ್ತು.

ಜಿಗ್ ಹೀಗೆ ಮಾಡಿಸಿ. ಇಎನ್ 8 ಉಕ್ಕಿನ ಬಿಲ್ಲೆ, 45 ವ್ಯಾಸ, 20 ದಪ್ಪ. ದಪ್ಪ ಮುಖ್ಯ. ಬಿಟ್ ದಪ್ಪದ ಮೂರು ನಾಲ್ಕು ಪಟ್ಟು ಉದ್ದ ಬಿಟ್ಟನ್ನು ಹಿಡಿದುಕೊಂಡರೆ ಮಾತ್ರ ಅದು ದಾರಿ ತೋರಿಸುತ್ತದೆ, ನಿಮ್ಮ ವಾಷರ್ ಸೋತದ್ದು ಅಲ್ಲೇ. ಲೇತ್‌ನಲ್ಲಿ ಒಂದೇ ಹಿಡಿತದಲ್ಲಿ ಮುಖ ತಿರುವಿ, ನಡು ತೂತು ಕೊರೆದು ರೀಮರ್ (ತೂತನ್ನು ಸರಿಯಾದ ಅಳತೆಗೆ ನಯ ಮಾಡುವ ಸಾಧನ) ಹಾಕಬೇಕು. ಒಂದೇ ಹಿಡಿತ ಅಂತ ಟರ್ನರ್‌ಗೆ ಒತ್ತಿ ಹೇಳಿ. ತಿರುಗಿಸಿ ಹಿಡಿದು ಮಾಡಿದರೆ ತೂತಿಗೂ ಮುಖಕ್ಕೂ ಲಂಬ ತಪ್ಪುತ್ತದೆ. ಆಮೇಲೆ ಡಿಆರ್‌ಓ (ಎಷ್ಟು ಸರಿಯಿತು ಅಂತ ಅಂಕಿಯಲ್ಲಿ ತೋರಿಸುವ ಪರದೆ) ಇರುವ ಮಿಲ್ಲಿಂಗ್ ಮಷೀನ್‌ನಲ್ಲಿ ನಾಲ್ಕು ತೂತು. ನಡುವನ್ನು ಸೊನ್ನೆ ಮಾಡಿಕೊಂಡರೆ ನಾಲ್ಕೂ ಬರುವುದು ಎಕ್ಸ್ 8.13, ವೈ 8.13, ಚಿಹ್ನೆ ಮಾತ್ರ ಬೇರೆ. ಆದ ಮೇಲೆ ಪಕ್ಕಪಕ್ಕದ ಎರಡು ತೂತಿನ ದೂರ 16.26 ಬರಬೇಕು. ಇದು ನಿಮ್ಮ ಪರೀಕ್ಷೆ. ಹೆಬ್ಬಾಳ್, ಹೂಟಗಳ್ಳಿ, ಕೂರ್ಗಳ್ಳಿ ಕಡೆ ಇಂಥ ಮಷೀನ್ ಇರುವ ಸಣ್ಣ ಶೆಡ್‌ಗಳು ಬೇಕಾದಷ್ಟಿವೆ. ಮಂಡ್ಯದಲ್ಲಾದರೆ ತೂಬಿನಕೆರೆ ಕಡೆ ಕೇಳಿ ನೋಡಿ.

ನಡು ತೂತಿಗೆ ಸಿಲ್ವರ್ ಸ್ಟೀಲ್ ಪಿನ್, ಜಿಗ್‌ನಿಂದ ಪ್ರಾಪ್ ಒಳಗೆ ಹೋಗುವಷ್ಟು ಉದ್ದ. ತುದಿಗೆ ಥ್ರೆಡ್ ಹಾಕಿಸಿದರೆ ನಟ್ ಬಿಗಿದು ಜಿಗ್ಗನ್ನು ಪ್ರಾಪ್‌ಗೆ ಕಚ್ಚಿಸಬಹುದು. ಪಿನ್ ಇಲ್ಲದ ಜಿಗ್ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಎರಡನೆಯ ಪ್ರಾಪ್ ಕಥೆಯೇ ಆಗುತ್ತದೆ. ಎಲ್ಲ ಅಳತೆಯೂ ಎರಡೇ ಕಡೆಯಿಂದ ಹೊರಡಬೇಕು, ನಡು ತೂತು ಮತ್ತು ಹಿಂದಿನ ಮುಖ. ಹಳೆಯ ಪ್ರಾಪ್ ನೋಡಿಕೊಂಡು ಹೊಸದನ್ನು ಕೊರೆಯುವವರು ಇದ್ದಾರೆ. ಹಳೆಯದರ ತಪ್ಪಿಗೆ ಹೊಸ ತಪ್ಪು ಸೇರುತ್ತಾ ಹೋಗುತ್ತದೆ.


ಪಾಂಡವಪುರ ಪೈಲಟ್

ಮೇಷ್ಟ್ರೇ, ಪ್ರಾಪ್ ನಡು ತೂತು 8 ಇದ್ದು ಜಿಗ್ ಪಿನ್ 10 ಇದ್ದರೆ? ನಾನು ಸುಮ್ನೆ 10ರ ಬಿಟ್ ಹಾಕಿ ದೊಡ್ಡದು ಮಾಡುತ್ತಿದ್ದೆ.


ಹಳೇ ಫಿಟ್ಟರ್

ಬೇಡ. ಇರುವ ತೂತಿಗೆ ದೊಡ್ಡ ಬಿಟ್ ಹಾಕಿದರೆ ಅದು ಸ್ಕ್ರೂ ತರಹ ಕಚ್ಚಿಕೊಂಡು ಒಳಗೆ ಎಳೆಯುತ್ತದೆ, ಎಲ್ಲಿ ಬೇಕೋ ಅಲ್ಲಿಗೆ ಹೋಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ದೊಡ್ಡದಾಗುವ ಪ್ರಾಪ್ ರೀಮರ್ ಬರುತ್ತದೆ, ಅದರ ಸಣ್ಣ ಭಾಗ ಹಳೆಯ ತೂತಲ್ಲಿ ಕೂತು ದಾರಿ ಹಿಡಿಯುತ್ತದೆ. ಕೈಯಲ್ಲೇ ನಿಧಾನ ತಿರುಗಿಸಿ. ಇಲ್ಲವಾ, 8ರ ಪಿನ್ ಒಂದನ್ನು ಬೇರೆ ಮಾಡಿಸಿಕೊಳ್ಳಿ, ಮೇಲೆ 10, ಕೆಳಗೆ 8.


ಗಾಳಿ ಮಾತು (ಶ್ರೀರಂಗಪಟ್ಟಣ)

ಎಲ್ಲರೂ ತೂತು ಎಲ್ಲಿ ಅಂತ ಹೇಳುತ್ತಿದ್ದೀರಿ, ಯಾವ ಕೋನದಲ್ಲಿ ಅಂತ ಯಾರೂ ಹೇಳಲಿಲ್ಲ. ದಯವಿಟ್ಟು ಕೊರೆಯುವ ಮುಂಚೆ ಇದನ್ನು ಯೋಚಿಸಿ.

ಕೈಯಲ್ಲಿ ತಿರುಗಿಸಿ ಸ್ಟಾರ್ಟ್ ಮಾಡುವ ಎಂಜಿನ್ ಇದು. ಕಂಪ್ರೆಷನ್ ಶುರುವಾಗುವ ಜಾಗಕ್ಕೆ ಬಂದಾಗ ಪ್ರಾಪ್ ಗಡಿಯಾರದ ಒಂದು, ಎರಡು ಗಂಟೆಯ ಜಾಗದಲ್ಲಿ ಇದ್ದರೆ ಕೈಗೆ ಅನುಕೂಲ, ಹೊಡೆದ ತಕ್ಷಣ ಕೈ ಹೊರಗೆ ಬರುತ್ತದೆ. ನಾಲ್ಕು ತೂತು ಇದ್ದರೆ ಆಮೇಲೆ 90 ಡಿಗ್ರಿ ಮಾತ್ರ ತಿರುಗಿಸಿ ಹಾಕಬಹುದು, ಎರಡು ಬ್ಲೇಡ್‌ಗೆ ಎರಡೇ ಜಾಗ. ಆರು ತೂತಿನ ದೊಡ್ಡ ಎಂಜಿನ್ ಆದರೆ 60 ಡಿಗ್ರಿಗೆ ಒಂದು, ಮೂರು ಜಾಗ. ಆ ಜಾಗ ನಿಮ್ಮ ಕೈಗೆ ಬರದಿದ್ದರೆ ಆ ಪ್ರಾಪ್ ಇರುವವರೆಗೂ ತೊಂದರೆ. ಅದಕ್ಕೆ ಮೊದಲು ಎಂಜಿನ್ ತಿರುಗಿಸಿ ಕಂಪ್ರೆಷನ್ ಹತ್ತಿದ ಕಡೆ ನಿಲ್ಲಿಸಿ, ಪ್ರಾಪ್ಪನ್ನು ನಿಮಗೆ ಬೇಕಾದ ಕೋನಕ್ಕೆ ಹಿಡಿದು, ಹಬ್‌ನ ಒಂದು ಬೋಲ್ಟ್ ತೂತು ಯಾವ ಕಡೆ ಬರುತ್ತದೆ ಅಂತ ಪ್ರಾಪ್ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಜಿಗ್ಗನ್ನು ಆ ಗೆರೆಗೆ ಕೂಡಿಸಿ. ನಾನು ಈ ಗೆರೆ ಎಳೆಯದೆ ಕೊರೆದು ಒಂದು ವರ್ಷ ಕೈ ಅಡ್ಡ ಹಿಡಿದುಕೊಂಡು ಸ್ಟಾರ್ಟ್ ಮಾಡಿದ್ದೇನೆ. ಮೊಣಕೈ ನೋವು ಬಂತು, ಒಂದು ಸಲ ಬೆರಳಿಗೂ ಪೆಟ್ಟು ಬಿತ್ತು.

ಸ್ಪಿನ್ನರ್ (ಪ್ರಾಪ್ ನಡುವೆ ಮುಚ್ಚುವ ಚೂಪು ಟೊಪ್ಪಿ) ಇದ್ದರೆ ಅದರ ಹಿಂದಿನ ತಟ್ಟೆಯನ್ನೂ ಅದೇ ಜಿಗ್‌ನಲ್ಲಿ ಕೊರೆದುಬಿಡಿ.


ಕಬ್ಬಿನಗದ್ದೆ

ಇದು ನನಗೆ ಹೊಳೆದೇ ಇರಲಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ.


ಕಪ್ಪು ಪ್ರಾಪ್ (ಮೈಸೂರು)

ನಾನು ಕಾರ್ಬನ್ ಪ್ರಾಪ್ ಬಳಸುವವನು. ಇದನ್ನು ಓದಿ ಯಾರಾದರೂ ಕಾರ್ಬನ್‌ಗೂ ಹೀಗೇ ಕೊರೆಯಲು ಹೋಗುತ್ತಾರೆ ಅಂತ ಬರೆಯುತ್ತಿದ್ದೇನೆ. ಎಚ್‌ಎಸ್‌ಎಸ್ ಬಿಟ್ ಒಂದೆರಡು ತೂತಿಗೆ ಮೊಂಡಾಗುತ್ತದೆ, ಮೊಂಡಾದ ಬಿಟ್ ಆಚೆ ಬದಿಯ ಪದರ ಸೀಳುತ್ತದೆ. ಕಾರ್ಬೈಡ್ ಬಿಟ್ ಬೇಕು, ಕೆಳಗೆ ಹಲಗೆ ಒತ್ತಿಕೊಂಡಿರಬೇಕು. ಎಲ್ಲಕ್ಕಿಂತ ಮುಖ್ಯ ಧೂಳು. ಕಾರ್ಬನ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಚರ್ಮಕ್ಕೆ ತುರಿಕೆ. ಒಳ್ಳೆಯ ಮಾಸ್ಕ್ ಹಾಕಿ, ನೀರು ಚಿಮುಕಿಸುತ್ತಾ ಕೊರೆದು ಒದ್ದೆ ಬಟ್ಟೆಯಲ್ಲಿ ಒರೆಸಿ. ಪೊರಕೆಯಲ್ಲಿ ಗುಡಿಸಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ. ನಾನೀಗ ತರಿಸುವಾಗಲೇ ಎಂಜಿನ್ ಅಳತೆ ಕೊಟ್ಟು ಕೊರೆಸಿ ತರಿಸುತ್ತೇನೆ.


ನೀಲಿ ಆಕಾಶ

ಸರ್, ಇನ್ನೊಂದು ಪ್ರಶ್ನೆ. ನಮ್ಮ ಬೆಂಚ್ ಡ್ರಿಲ್ಲೇ ನೇರ ಇಲ್ಲದಿದ್ದರೆ? ಅಗ್ಗದ ಮಷೀನ್, ಮೇಜು ಸ್ವಲ್ಪ ವಾಲಿದ ಹಾಗೆ ಕಾಣುತ್ತದೆ.


ಹಳೇ ಫಿಟ್ಟರ್

ಒಂದು ಸೈಕಲ್ ಕಡ್ಡಿ ತಗೋ. ಇಂಗ್ಲಿಷ್ ಝೆಡ್ ತರಹ ಬಗ್ಗಿಸು. ಒಂದು ತುದಿಯನ್ನು ಚಕ್‌ಗೆ ಕಚ್ಚಿಸು, ಇನ್ನೊಂದು ತುದಿ ಹತ್ತು ಸೆಂಟಿಮೀಟರ್ ಆಚೆ ಮೇಜನ್ನು ಮುಟ್ಟುವ ಹಾಗಿರಲಿ. ಪ್ಲಗ್ ತೆಗೆದು ಚಕ್ಕನ್ನು ಕೈಯಲ್ಲೇ ತಿರುಗಿಸು. ಕಡ್ಡಿ ಸುತ್ತಲೂ ಒಂದೇ ಹಾಗೆ ಸವರಬೇಕು. ಒಂದು ಕಡೆ ಕಚ್ಚಿ ಎದುರು ಕಡೆ ಸಂದು ಬಿಟ್ಟರೆ ಮೇಜು ವಾಲಿದೆ. ಸಂದಿಗೆ ಬರೆಯುವ ಕಾಗದ ತೂರಿಸಿ ನೋಡು, ಒಂದು ಹಾಳೆ ಸುಮಾರು 0.1 ಮಿ.ಮೀ. ಮೇಜಿನ ಬೋಲ್ಟ್ ಸಡಿಲಿಸಿ ಸರಿ ಮಾಡು. ಮೇಜು ಆ ಕಡೆಗೆ ತಿರುಗದಿದ್ದರೆ ಹಲಗೆ ಕೆಳಗೆ ಹಾಳೆ ಇಟ್ಟು ಮಟ್ಟ ಮಾಡಿಕೋ.

ಮೇಜು ಆಯಿತು, ಇನ್ನು ಪ್ರಾಪ್. ಅದನ್ನು ಹಿಂದಿನ ಮುಖ ಮೇಲೆ ಮಾಡಿ ಮಲಗಿಸುತ್ತೇವೆ. ಹಾಗಾದರೆ ಅದು ನಿಂತಿರುವುದು ಮುಂದಿನ ಮುಖದ ಮೇಲೆ. ಆ ಎರಡು ಮುಖ ಒಂದಕ್ಕೊಂದು ಸಮಾನಾಂತರ ಇವೆ ಅಂತ ಯಾರು ಹೇಳಿದರು? ಹಬ್ ದಪ್ಪವನ್ನು ನಾಲ್ಕು ಕಡೆ ವರ್ನಿಯರ್‌ನಲ್ಲಿ ಅಳೆಯಬೇಕು. ವ್ಯತ್ಯಾಸ ಇದ್ದರೆ ತೆಳು ಇರುವ ಕಡೆ ಅಷ್ಟು ಹಾಳೆ ಕೆಳಗೆ ಇಡಬೇಕು. ಜಿಗ್ ನೇರ ಇದ್ದು ಪ್ರಾಪ್ ವಾಲಿದ್ದರೆ ಸ್ಪಿಂಡಲ್‌ಗೂ ಜಿಗ್‌ಗೂ ಜಗಳ ಶುರುವಾಗುತ್ತದೆ, ಬಿಟ್ ಬಗ್ಗಿಕೊಂಡು ಇಳಿಯುತ್ತದೆ.

ಮತ್ತೆ ಒಂದು ಮಾತು, ಎಲ್ಲರಿಗೂ. ಪ್ರಾಪ್ಪನ್ನು ಕೈಯಲ್ಲಿ ಹಿಡಿದು ಕೊರೆಯಬೇಡಿ. ಬಿಟ್ ಕಚ್ಚಿಕೊಂಡರೆ 22 ಇಂಚಿನ ಮರ ನಿಮ್ಮ ಮಣಿಕಟ್ಟಿಗೆ ದೊಣ್ಣೆಯ ಹಾಗೆ ಬಂದು ಬಡಿಯುತ್ತದೆ. ಮೇಜಿಗೆ ಕ್ಲ್ಯಾಂಪ್ ಹಾಕಿ, ಬ್ಲೇಡ್ ತಿರುಗದ ಹಾಗೆ ಒಂದು ಬೋಲ್ಟ್ ಅಡ್ಡ ನಿಲ್ಲಿಸಿ.


ಪಾಂಡವಪುರ ಪೈಲಟ್

ಹಾಳಾದ ಎರಡು ಪ್ರಾಪ್‌ನ ತೂತಿಗೆ ಮರದ ಗೂಟ ಅಂಟು ಹಾಕಿ ಕೂರಿಸಿ ಮತ್ತೆ ಕೊರೆಯಬಹುದಲ್ವಾ? ಎರಡು ಪ್ರಾಪ್ ದುಡ್ಡು ಹೋಗುತ್ತದೆ. ಕೆಲವರು ಮಾಡಿದ್ದನ್ನು ನೋಡಿದ್ದೇನೆ.


ಕುಸುರಿ ಮನೆ

ಗೂಟ ಕೂರುತ್ತದೆ, ನೋಡಲೂ ಗೊತ್ತಾಗದ ಹಾಗೆ ನಾನು ಕೂರಿಸಿ ಕೊಡಬಲ್ಲೆ. ಆದರೆ ಗೂಟದ ಅಂಚಲ್ಲೇ ಹೊಸ ತೂತು ಬರುತ್ತದೆ, ಬಿಟ್ ಅರ್ಧ ಗೂಟದಲ್ಲಿ ಅರ್ಧ ಮರದಲ್ಲಿ ಇಳಿಯುತ್ತದೆ. ನೇರ ಬರುವುದಿಲ್ಲ. ಪೆಟ್ಟಿಗೆ, ಪಟಕ್ಕಾದರೆ ಸರಿ. ತಿರುಗುವ ವಸ್ತುವಿಗೆ ನಾನು ಮಾಡಿಕೊಡುವುದಿಲ್ಲ.


ಹಳೇ ಫಿಟ್ಟರ್

ನನ್ನ ಅಭಿಪ್ರಾಯವೂ ಅದೇ. 22 ಇಂಚಿನ ಪ್ರಾಪ್ 7000 ಆರ್‌ಪಿಎಂನಲ್ಲಿ ತಿರುಗಿದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 205 ಮೀಟರ್. ಗಂಟೆಗೆ 737 ಕಿ.ಮೀ. ಅದು ಒಡೆದು ಬಂದರೆ ಯಾವ ದಿಕ್ಕಿಗೆ ಅಂತ ಹೇಳಲಾಗುವುದಿಲ್ಲ. ಎರಡು ಪ್ರಾಪ್ ದುಡ್ಡು ಹೋಗಲಿ. ಸ್ಟಾರ್ಟ್ ಮಾಡುವಾಗ ಪ್ರಾಪ್‌ನ ಪಕ್ಕದ ಸಾಲಿನಲ್ಲಿ ಯಾರೂ ನಿಲ್ಲಬಾರದು, ಮಕ್ಕಳಂತೂ ಹಿಂದೆ ದೂರ.

ಹಾಳಾದವನ್ನು ಬಿಸಾಡಬೇಡಿ, ಮೂರನೆಯದಕ್ಕೆ ಮುಂಚೆ ಹೊಸ ಜಿಗ್ಗನ್ನು ಅವುಗಳ ಮೇಲೆ ಪ್ರಯತ್ನಿಸಿ. ಹಳೆಯ ತೂತಿನಿಂದ 45 ಡಿಗ್ರಿ ತಿರುಗಿಸಿ ಕೊರೆದು ನೋಡಿ. ಆಮೇಲೆ ಗೋಡೆಗೆ ಹಾಕಿ.


ಕಬ್ಬಿನಗದ್ದೆ

ಮೂರು ವಾರ ಆಯಿತು, ಏನಾಯಿತು ಅಂತ ಬರೆಯುತ್ತೇನೆ.

ಜಿಗ್ ಮಾಡಿಸಿದೆ. ಟರ್ನರ್ ಮೊದಲು ಎರಡು ಹಿಡಿತದಲ್ಲಿ ಮಾಡಲು ಹೊರಟಿದ್ದರು, ಒಂದೇ ಹಿಡಿತ ಬೇಕು ಅಂತ ಕೈ ಮುಗಿದು ಕೇಳಿದೆ, ಮಾಡಿಕೊಟ್ಟರು. ಪಕ್ಕದ ತೂತಿನ ದೂರ 16.25 ಬಂತು. ಹಾಳಾದ ಪ್ರಾಪ್ ಮೇಲೆ ಮೊದಲು ಕೊರೆದೆ. ನಾಲ್ಕು ಬೋಲ್ಟೂ ಬೆರಳಲ್ಲೇ ಇಳಿದವು, ಆದರೆ ಎರಡು ಸ್ವಲ್ಪ ಬಿಗಿ. ಯಾಕೆ ಅಂತ ನೋಡಿದರೆ ನಾನು ಸುತ್ತುತ್ತಾ ಒಂದಾದ ಮೇಲೆ ಒಂದು ಕೊರೆದಿದ್ದೆ, ಜಿಗ್ ಕೂದಲೆಳೆಯಷ್ಟು ತಿರುಗಿತ್ತು. ಹಳೇ ಫಿಟ್ಟರ್ ಸರ್‌ಗೆ ಫೋನ್ ಮಾಡಿದೆ. ಮೊದಲ ತೂತು ಆದ ತಕ್ಷಣ ಜಿಗ್ ಮತ್ತು ಪ್ರಾಪ್ ಎರಡನ್ನೂ ಸೇರಿಸಿ 5 ಮಿ.ಮೀ. ಪಿನ್ ಇಳಿಸು, ಆಮೇಲೆ ಎದುರಿನ ತೂತು ಕೊರೆ, ಅದಕ್ಕೂ ಪಿನ್, ಆಮೇಲೆ ಉಳಿದೆರಡು ಅಂದರು.

ಮೂರನೆಯ ಪ್ರಾಪ್‌ನ ಹಬ್ ದಪ್ಪ ಅಳೆದರೆ ಒಂದು ಕಡೆ 0.3 ಕಡಿಮೆ ಇತ್ತು. ಮಗಳ ನೋಟ್‌ಬುಕ್‌ನ ಮೂರು ಹಾಳೆ ಹರಿದು ಆ ಕಡೆ ಇಟ್ಟೆ. ಹಬ್ ಕೆಳಗೆ ಮಾತ್ರ ಎತ್ತರದ ಮರದ ತುಂಡು, ಬ್ಲೇಡ್‌ಗಳು ಗಾಳಿಯಲ್ಲಿ. ಗೆರೆಗೆ ಜಿಗ್ ಕೂಡಿಸಿ ನಟ್ ಬಿಗಿದೆ. ಐದು ಮಿ.ಮೀ. ಇಳಿಸು, ಎತ್ತು, ಊದು, ಮತ್ತೆ ಇಳಿಸು. ಒಂದು ತೂತಿಗೆ ಆರು ಸಲ. ನಾಲ್ಕನೆಯ ತೂತು ಕೆಳಗಿನ ಮರಕ್ಕೆ ತಾಗಿದಾಗ ಸದ್ದು ಬದಲಾಯಿತು, ಹೊಟ್ಟಿನ ಬಣ್ಣವೂ ಬೇರೆ ಬಂತು. ಜಿಗ್ ಬಿಚ್ಚಿ ಹಿಂದಿನ ಮುಖಕ್ಕೆ ಬೆರಳು ಆಡಿಸಿದೆ. ಒಂದು ಕಡೆ ಸಣ್ಣ ನಾರು ಇತ್ತು, ಹೊಸ ಬ್ಲೇಡ್‌ನಲ್ಲಿ ಸವರಿದೆ. ತೂತಿನ ಒಳಗೆ ತೆಳು ವಾರ್ನಿಷ್ ಸವರಿ ಒಣಗಿಸಿ, ಅದಾದ ಮೇಲೆ ಬ್ಯಾಲೆನ್ಸ್ ಮಾಡಿದೆ.

ಎಂಜಿನ್‌ಗೆ ಹಾಕಿದರೆ ನಾಲ್ಕನೆಯ ಬೋಲ್ಟ್ ಕೂಡ ಬೆರಳಲ್ಲೇ ಕೊನೆಯವರೆಗೂ ತಿರುಗಿ ಹೋಯಿತು. ಒಂದು ನಿಮಿಷ ಹಾಗೇ ನೋಡುತ್ತಾ ಕೂತೆ. ತುದಿಗೆ ಸ್ಕೇಲ್ ಇಟ್ಟೆ. ಅರ್ಧ ಮಿ.ಮೀ. ಕೂಡ ಇಲ್ಲ.


ಹಳೇ ಫಿಟ್ಟರ್

ಬಹಳ ಸಂತೋಷ ಆಯಿತಪ್ಪ. ಬೋಲ್ಟ್ ಎದುರುಬದುರು ಬಿಗಿದಿರಿ ತಾನೇ? ಸ್ವಲ್ಪ ಸ್ವಲ್ಪವಾಗಿ, ಎರಡು ಮೂರು ಸುತ್ತಿನಲ್ಲಿ? ಬೋಲ್ಟ್ ಉದ್ದವನ್ನೂ ನೋಡಿ. ಜಾಸ್ತಿ ಉದ್ದ ಇದ್ದರೆ ಹಬ್ ತಳಕ್ಕೆ ತಾಗಿ ನಿಲ್ಲುತ್ತದೆ, ಬಿಗಿಯಾದ ಹಾಗೆ ಕೈಗೆ ಅನಿಸುತ್ತದೆ, ಪ್ರಾಪ್ ಮಾತ್ರ ಲೂಸ್ ಇರುತ್ತದೆ. ಎಂಜಿನ್ ಬಲವನ್ನು ಪ್ರಾಪ್‌ಗೆ ದಾಟಿಸುವುದು ಎರಡು ಮುಖಗಳ ಹಿಡಿತ. ಹಿಡಿತ ಹೋದರೆ ಬೋಲ್ಟ್‌ಗಳು ಮರವನ್ನು ಗುದ್ದಿ ತೂತನ್ನು ಅಗಲ ಮಾಡುತ್ತವೆ, ಕೊನೆಗೆ ಬೋಲ್ಟೇ ಮುರಿಯುತ್ತದೆ.


ಕಬ್ಬಿನಗದ್ದೆ

ಹೌದು ಸರ್, ಎದುರುಬದುರು, ಮೂರು ಸುತ್ತಿನಲ್ಲಿ. ಉದ್ದವನ್ನೂ ನೋಡಿದೆ, ತಳಕ್ಕೆ ತಾಗಲು ಇನ್ನೂ 3 ಮಿ.ಮೀ. ಇದೆ.

ಭಾನುವಾರ ಬೆಳಿಗ್ಗೆ ಕೊಯ್ಲಾದ ಗದ್ದೆಗೆ ಹೋದೆವು. ದೂರದ ಆಲೆಮನೆಯ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು, ಗಾಳಿ ಇರಲಿಲ್ಲ. ಎರಡು ಗಂಟೆಯ ಕೋನದಲ್ಲಿ ಪ್ರಾಪ್ ನಿಂತಿತ್ತು, ನಾಲ್ಕನೆಯ ಹೊಡೆತಕ್ಕೆ ಹತ್ತಿತು. ಹತ್ತು ನಿಮಿಷ ನೆಲದ ಮೇಲೇ ಓಡಿಸಿ ನಿಲ್ಲಿಸಿದೆ. ಕೌಲಿಂಗ್ ಸ್ಕ್ರೂ ಒಂದೂ ಅಲುಗಿಲ್ಲ. ಮತ್ತೆ ಬಿಗಿದು ನೋಡಿದರೆ ಬೋಲ್ಟ್ ಮಾತ್ರ ನಾಲ್ಕೂ ಕಾಲು ಸುತ್ತು ಒಳಗೆ ಹೋದವು.


ಕುಸುರಿ ಮನೆ

ಮರ ಒತ್ತಿಕೊಂಡಿದೆ, ಅದಕ್ಕೆ. ಶಿವರಾತ್ರಿ ಆದ ಮೇಲೆ ಬಿಸಿಲಿಗೆ ಮರ ಒಣಗಿ ಇನ್ನೂ ಸಣ್ಣದಾಗುತ್ತದೆ, ಆಗ ಪ್ರತಿ ಸಲ ಹಾರಿಸುವ ಮುಂಚೆ ಬೋಲ್ಟ್ ನೋಡಿ. ಮಳೆಗಾಲದಲ್ಲಿ ಉಬ್ಬುತ್ತದೆ. ವಿಮಾನವನ್ನು ಶೀಟ್ ಮನೆಯಲ್ಲಿ ಬಿಸಿಲಿಗೆ ಬಿಡಬೇಡಿ.


ಪಾಂಡವಪುರ ಪೈಲಟ್

ಅಣ್ಣ, ನನ್ನ ಹತ್ತಿರ 100 ಸಿಸಿ ಎಂಜಿನ್‌ಗೆ 27×10 ಬಂದಿದೆ, ಆರು ಬೋಲ್ಟ್. ಅಳೆದೆ, ಪಿಸಿಡಿ 30. ನಿಮ್ಮ ಜಿಗ್ ಬರುವುದಿಲ್ಲ ಅಲ್ವಾ?


ಹಳೇ ಫಿಟ್ಟರ್

ಬರುವುದಿಲ್ಲ. ಆರಕ್ಕೆ ಬೇರೆ ಬಿಲ್ಲೆ. 30 ಪಿಸಿಡಿ ಆದರೆ ಪಕ್ಕದ ತೂತಿನ ದೂರ ಸರಿಯಾಗಿ 15.00, ಅಳೆಯುವುದು ಸುಲಭ. ಎರಡು ತೂತು ಎಕ್ಸ್ 15, ವೈ ಸೊನ್ನೆ. ಉಳಿದ ನಾಲ್ಕು ಎಕ್ಸ್ 7.5, ವೈ 12.99. ಹೆಬ್ಬಾಳ್‌ನಲ್ಲಿ ನನಗೆ ಗೊತ್ತಿರುವವರು ಒಬ್ಬರಿದ್ದಾರೆ, ಮಾಡಿಸೋಣ. ಶನಿವಾರ ಹಬ್ ಬಿಚ್ಚಿಕೊಂಡು ಬಾ, ಬೋಲ್ಟೂ ತಾ, ನಾನು ಇನ್ನೊಂದು ಸಲ ಅಳೆದು ನೋಡುತ್ತೇನೆ.


ಕಬ್ಬಿನಗದ್ದೆ

ಶನಿವಾರ ನಾನೂ ಬರುತ್ತೇನೆ ಸರ್. ನಡು ಪಿನ್ ಮತ್ತು ಸೈಕಲ್ ಕಡ್ಡಿ ನನ್ನ ಹತ್ತಿರ ಇವೆ, ತರುತ್ತೇನೆ.